ದ್ವಿತೀಯ ಪಿಯು ಜೀವಶಾಸ್ತ್ರ: ಅನುವಂಶೀಯತೆ, ವಿಕಾಸ, ಪರಿಸರ ಮೂರನ್ನೂ ಒಟ್ಟಿಗೆ ಓದುವ ಬಗೆ

ದ್ವಿತೀಯ ಪಿಯು ಜೀವಶಾಸ್ತ್ರದ ಪುಸ್ತಕದಲ್ಲಿ ಈಗ 13 ಪಾಠಗಳಿವೆ. 4 ಮತ್ತು 5ನೇ ಪಾಠ ಅನುವಂಶೀಯತೆಯವು, 6ನೆಯದು ಜೀವವಿಕಾಸದ್ದು. ಆಮೇಲೆ ಆರೋಗ್ಯ, ಸೂಕ್ಷ್ಮಜೀವಿಗಳು, ಬಯೋಟೆಕ್ನಾಲಜಿ ಅಂತ ನಾಲ್ಕು ಪಾಠ ಬರುತ್ತವೆ. ಅವು ಮುಗಿದ ಮೇಲೆ 11, 12, 13ರಲ್ಲಿ ಪರಿಸರದ ಪಾಠಗಳು. ತರಗತಿಯಲ್ಲಿ ಇದೇ ಕ್ರಮದಲ್ಲಿ ಓದುವಾಗ ಪರಿಸರದ ಪಾಠಕ್ಕೆ ಬರುವಷ್ಟರಲ್ಲಿ 4ನೇ ಪಾಠದ ಮೆಂಡೆಲ್ ಮರೆತೇ ಹೋಗಿರುತ್ತಾನೆ. ಹೀಗಾಗಿ ಮೂರೂ ಬೇರೆ ಬೇರೆ ವಿಷಯ ಅನ್ನಿಸುತ್ತದೆ.

ನಿಜವಾಗಿ ಮೂರೂ ಒಂದೇ ವಿಷಯ. ತಂದೆತಾಯಿಯಿಂದ ಮಗುವಿಗೆ ಏನು ಬರುತ್ತದೆ ಅನ್ನುವುದು ಅನುವಂಶೀಯತೆ. ಹಾಗೆ ಬಂದದ್ದರ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬದಲಾಗುತ್ತದೆ ಅನ್ನುವುದು ವಿಕಾಸ. ಆ ಬದಲಾವಣೆಗೆ ಸುತ್ತಲಿನ ಯಾವ ಸ್ಥಿತಿ ಕಾರಣ ಅನ್ನುವುದು ಪರಿಸರ ವಿಜ್ಞಾನ. ಪರೀಕ್ಷೆಗೆ ಮುಂಚೆ ಪುನರಾವರ್ತನೆ ಮಾಡುವಾಗ ಈ ಆರು ಪಾಠಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ. ನೆನಪಿಡಬೇಕಾದ್ದು ಕಮ್ಮಿಯಾಗುತ್ತದೆ, ಅರ್ಥವಾಗುವುದು ಜಾಸ್ತಿಯಾಗುತ್ತದೆ.

ಶುರು ಮಾಡುವ ಮುಂಚೆ ಒಂದು ಕೆಲಸ. ನಿಮ್ಮ ಹತ್ತಿರ ಸೀನಿಯರ್‌ಗಳ ಹಳೆಯ ಗೈಡ್ ಇದ್ದರೆ ಈಗಿನ ಪುಸ್ತಕದ ಪರಿವಿಡಿ ಜೊತೆ ಹೋಲಿಸಿ ನೋಡಿ. ಪರಿಸರ ಸಮಸ್ಯೆಗಳ ಕುರಿತ ಇಡೀ ಪಾಠ ಈಗಿನ ಪುಸ್ತಕದಲ್ಲಿಲ್ಲ. ಗೈಡ್‌ನಲ್ಲಿದೆ ಅಂತ ಸುಮ್ನೆ ಅದನ್ನು ಓದುತ್ತಾ ಕೂತರೆ ಎರಡು ದಿನ ಹೋಗುತ್ತದೆ.

ಮೊದಲ ಹೆಜ್ಜೆ: ಒಂದು ಉದಾಹರಣೆ ಹಿಡಿದು ಕ್ರಾಸ್ ಹಾಕಿ

ಮೂರೂ ಘಟಕಗಳಲ್ಲಿ ಬಳಸಬಹುದಾದ ಒಂದು ಉದಾಹರಣೆ ಬೇಕು. ನನ್ನ ಆಯ್ಕೆ ಸಿಕಲ್ ಸೆಲ್ ಅನೀಮಿಯಾ, ಅಂದರೆ ಕುಡುಗೋಲು ಕಣ ರಕ್ತಹೀನತೆ. 4ನೇ ಪಾಠದಲ್ಲೇ ಇದರ ವಿವರಣೆ ಇದೆ. ಭಾರತದಲ್ಲಿ ಇದು ಮೊದಲು ಗೊತ್ತಾಗಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿ ಸಮುದಾಯಗಳಲ್ಲೂ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗಾಗಿಯೇ ಒಂದು ರಾಷ್ಟ್ರೀಯ ಮಿಷನ್ ಶುರು ಮಾಡಿತು. ಹಾಗಾಗಿ ಇದು ಬರೀ ಪುಸ್ತಕದ ಕಾಯಿಲೆ ಅಲ್ಲ, ನಮ್ಮ ಪಕ್ಕದ ಜಿಲ್ಲೆಯ ಮನೆಗಳ ಕಾಯಿಲೆ.

ಒಂದೇ ಜೀನ್‌ನ ಬೇರೆ ಬೇರೆ ರೂಪಗಳಿಗೆ ಆಲೀಲ್ ಅನ್ನುತ್ತಾರೆ. ಸಾಮಾನ್ಯ ಹಿಮೋಗ್ಲೋಬಿನ್ ಕೊಡುವ ಆಲೀಲ್‌ಗೆ 'ಎ' ಅನ್ನೋಣ, ಕುಡುಗೋಲು ಆಕಾರಕ್ಕೆ ಕಾರಣವಾಗುವ ಆಲೀಲ್‌ಗೆ 'ಎಸ್' ಅನ್ನೋಣ. ಪ್ರತಿಯೊಬ್ಬರಲ್ಲೂ ಎರಡು ಆಲೀಲ್ ಇರುತ್ತವೆ. ಎ-ಎ ಇದ್ದರೆ ಕಾಯಿಲೆ ಇಲ್ಲ. ಎಸ್-ಎಸ್ ಇದ್ದರೆ ಕಾಯಿಲೆ. ಎ-ಎಸ್ ಇದ್ದವರು ವಾಹಕರು. ಸಾಮಾನ್ಯವಾಗಿ ಅವರು ಆರೋಗ್ಯವಾಗೇ ಇರುತ್ತಾರೆ, ಆದರೆ ಎಸ್ ಆಲೀಲ್ ಅವರಿಂದ ಮಕ್ಕಳಿಗೆ ಹೋಗಬಹುದು.

ಈಗ ತಂದೆತಾಯಿ ಇಬ್ಬರೂ ಎ-ಎಸ್ ಇದ್ದಾರೆ ಅಂದುಕೊಳ್ಳಿ. ಖಾಲಿ ಹಾಳೆಯಲ್ಲಿ ನಾಲ್ಕು ಮನೆಯ ಪನೆಟ್ ಚೌಕ ಹಾಕಿ. ಮೇಲೆ ತಂದೆಯ ಗ್ಯಾಮೀಟ್‌ಗಳು, ಅಂದರೆ ಲಿಂಗಾಣುಗಳು: ಎ, ಎಸ್. ಎಡಕ್ಕೆ ತಾಯಿಯವು: ಎ, ಎಸ್. ಮನೆ ತುಂಬಿದರೆ ಒಂದು ಎ-ಎ, ಎರಡು ಎ-ಎಸ್, ಒಂದು ಎಸ್-ಎಸ್ ಸಿಗುತ್ತದೆ. ಜೀನೋಟೈಪ್ (ಒಳಗಿನ ಆಲೀಲ್ ಜೋಡಿ) ಅನುಪಾತ 1:2:1, ಫೀನೋಟೈಪ್ (ಹೊರಗೆ ಕಾಣುವ ಗುಣ) ಅನುಪಾತ 3:1.

ತುಂಬಾ ಜನ ಎಡವುವುದು ಇದರ ಮುಂದಿನ ಮಾತಿನಲ್ಲಿ. "ಈ ದಂಪತಿಗೆ ನಾಲ್ಕು ಮಕ್ಕಳಾದರೆ ಒಂದಕ್ಕೆ ಕಾಯಿಲೆ ಬರುತ್ತದೆ" ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಪ್ರತಿ ಸಲ ಮಗು ಆಗುವಾಗಲೂ ಸಂಭವ 4ರಲ್ಲಿ 1. ಮೊದಲ ಮಗುವಿಗೆ ಏನಾಯಿತು ಅನ್ನುವುದು ಎರಡನೆಯದಕ್ಕೆ ಸಂಬಂಧವೇ ಇಲ್ಲ. ನಾಲ್ಕು ಮಕ್ಕಳಿಗೂ ಕಾಯಿಲೆ ಬರದೇ ಇರುವ ಸಂಭವ ಎಷ್ಟು? ಮುಕ್ಕಾಲನ್ನು ನಾಲ್ಕು ಸಲ ಗುಣಿಸಿ: 81/256, ಅಂದರೆ ಸುಮಾರು 32%. ಮೂರರಲ್ಲಿ ಒಂದು ಪಾಲಿನಷ್ಟಾಯಿತು, ಕಡಿಮೆಯೇನಲ್ಲ. ಈ ಲೆಕ್ಕ ಒಂದು ಸಲ ಕೈಯಾರೆ ಮಾಡಿದರೆ ಅನುಪಾತ ಅಂದರೇನು ಅಂತ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

ಮೆಂಡೆಲ್ ಗೆದ್ದಿದ್ದೂ ಇದೇ ಕಾರಣಕ್ಕೆ. ಬಟಾಣಿಯಲ್ಲಿ ಅವನು ಎಣಿಸಿದ್ದು ದೊಡ್ಡ ಸಂಖ್ಯೆ. ಎರಡನೇ ತಲೆಮಾರಿನಲ್ಲಿ 787 ಎತ್ತರದ ಗಿಡ, 277 ಗಿಡ್ಡ ಗಿಡ. ಭಾಗಿಸಿದರೆ 2.84:1. ಸರಿಯಾಗಿ 3:1 ಬರಲಿಲ್ಲ, ಆದರೆ ಹತ್ತಿರ ಬಂತು. ಹತ್ತೇ ಗಿಡ ಎಣಿಸಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಅವನ ಲೇಖನ ಅಚ್ಚಾಗಿದ್ದು 1866ರಲ್ಲಿ. ಜಗತ್ತು ಅದನ್ನು ಗಮನಿಸಿದ್ದು 1900ರಲ್ಲಿ, ಡಿ ವ್ರೀಸ್, ಕಾರೆನ್ಸ್, ಚೆರ್ಮಾಕ್ ಮೂವರೂ ಬೇರೆ ಬೇರೆಯಾಗಿ ಅದೇ ಫಲಿತಾಂಶಕ್ಕೆ ಬಂದಾಗ.

ಎರಡು ಗುಣಗಳ ಕ್ರಾಸ್‌ಗೆ 16 ಮನೆ ಬರೆಯುತ್ತಾ ಕೂರಬೇಡಿ. ಒಂದೊಂದು ಗುಣವನ್ನೂ ಬೇರೆ ಲೆಕ್ಕ ಹಾಕಿ ಗುಣಿಸಿ. ದುಂಡು ಬೀಜ ಬರುವ ಸಂಭವ 3/4, ಹಳದಿ ಬರುವ ಸಂಭವ 3/4. ಎರಡೂ ಒಟ್ಟಿಗೆ ಬರುವುದು 9/16. ಮೆಂಡೆಲ್‌ಗೆ ಸಿಕ್ಕ 556 ಬೀಜಗಳಲ್ಲಿ ದುಂಡು ಹಳದಿ 315 ಇದ್ದವು. 556ರ 9/16 ಎಷ್ಟು? 312.75. ಎಷ್ಟು ಹತ್ತಿರ ನೋಡಿ! ಸಿಇಟಿ, ನೀಟ್ ಬರೆಯುವವರಿಗೆ ಈ ಗುಣಿಸುವ ದಾರಿ ತುಂಬಾ ಸಮಯ ಉಳಿಸುತ್ತದೆ. ಮೂರು ಗುಣ ಕೊಟ್ಟರೂ ಇದೇ ದಾರಿ.

ಮೆಂಡೆಲ್ ನಿಯಮಕ್ಕೆ ಹೊರತಾದವನ್ನು ಹೀಗೆ ನೋಡಿ. ಸ್ನ್ಯಾಪ್‌ಡ್ರ್ಯಾಗನ್ ಹೂವಿನಲ್ಲಿ ಕೆಂಪು, ಬಿಳಿ ಸೇರಿ ನಸುಗೆಂಪು ಬರುತ್ತದೆ, ಅದು ಅಪೂರ್ಣ ಪ್ರಾಬಲ್ಯ. ಎಬಿ ರಕ್ತದ ಗುಂಪಿನಲ್ಲಿ ಎರಡೂ ಕಾಣಿಸಿಕೊಳ್ಳುತ್ತವೆ, ಅದು ಸಹಪ್ರಾಬಲ್ಯ. ನಮ್ಮ ಸಿಕಲ್ ಸೆಲ್ ಉದಾಹರಣೆ ಇಲ್ಲಿ ಇನ್ನೂ ಒಂದು ವಿಷಯ ಕಲಿಸುತ್ತದೆ. ಕಾಯಿಲೆ ಬರುತ್ತದೋ ಇಲ್ಲವೋ ಅಂತ ನೋಡಿದರೆ ಎಸ್ ದುರ್ಬಲ ಆಲೀಲ್. ಆದರೆ ವಾಹಕರ ರಕ್ತ ಪರೀಕ್ಷೆ ಮಾಡಿದರೆ ಎರಡೂ ಬಗೆಯ ಹಿಮೋಗ್ಲೋಬಿನ್ ಸಿಗುತ್ತದೆ. ಆ ಮಟ್ಟದಲ್ಲಿ ನೋಡಿದರೆ ಎರಡೂ ಸಮಬಲ. ಪ್ರಬಲ, ದುರ್ಬಲ ಅನ್ನುವುದು ನಾವು ಯಾವ ಗುಣವನ್ನು ಅಳೆಯುತ್ತಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಪ್ರಬಲ ಆಲೀಲ್ ಅಂದರೆ ಒಳ್ಳೆಯದು, ಶಕ್ತಿಶಾಲಿ, ಎಲ್ಲರಲ್ಲೂ ಇರುವಂಥದ್ದು ಅಂತ ಅಂದುಕೊಂಡಿದ್ದರೆ ಈಗಲೇ ಬಿಟ್ಟುಬಿಡಿ.

ವಂಶವೃಕ್ಷದ ಚಿತ್ರ ಕೊಟ್ಟರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕಾಯಿಲೆ ಇಲ್ಲದ ತಂದೆತಾಯಿಗೆ ಕಾಯಿಲೆಯ ಮಗು ಇದೆಯಾ? ಇದ್ದರೆ ದುರ್ಬಲ ಗುಣ. ಕಾಯಿಲೆ ಇರುವ ಇಬ್ಬರಿಗೆ ಆರೋಗ್ಯವಂತ ಮಗು ಇದೆಯಾ? ಇದ್ದರೆ ಪ್ರಬಲ ಗುಣ. ದುರ್ಬಲ ಗುಣ ಅಂತ ಗೊತ್ತಾದ ಮೇಲೆ ಮೂರನೆಯದು: ಕಾಯಿಲೆ ಇರುವ ಹುಡುಗಿಯ ತಂದೆ ಆರೋಗ್ಯವಾಗಿದ್ದಾನಾ? ಹೌದಾದರೆ ಅದು ಎಕ್ಸ್ ಕ್ರೋಮೋಸೋಮಿನ ಮೇಲಿನ ಗುಣ ಆಗಿರಲು ಸಾಧ್ಯವಿಲ್ಲ. ಯಾಕೆಂದರೆ ಮಗಳಿಗೆ ಒಂದು ಎಕ್ಸ್ ಬರುವುದೇ ತಂದೆಯಿಂದ. ಹಿಮೋಫಿಲಿಯಾ, ಬಣ್ಣಗುರುಡು ಎರಡಕ್ಕೂ ಒಂದೊಂದು ಕ್ರಾಸ್ ಬರೆದು ನೋಡಿ, ಸಾಕು.

ಎರಡನೇ ಹೆಜ್ಜೆ: ಡಿಎನ್ಎ ಪಾಠವನ್ನು ಪ್ರಶ್ನೆಗಳಾಗಿ ಒಡೆಯಿರಿ

5ನೇ ಪಾಠ ಉದ್ದ ಇದೆ, ಹೆಸರುಗಳು ಜಾಸ್ತಿ. ಮತ್ತೆ ನಮ್ಮ ಉದಾಹರಣೆಯಿಂದಲೇ ಒಳಗೆ ಹೋಗಿ. ಡಿಎನ್ಎಯ ಅಚ್ಚಿನ ಎಳೆಯಲ್ಲಿ ಸಿಟಿಸಿ ಇದ್ದ ಕಡೆ ಸಿಎಸಿ ಆಯಿತು. ಒಂದೇ ಅಕ್ಷರ ಬದಲಾಯಿತು. ಡಿಎನ್ಎಯಿಂದ ನಕಲಾಗುವ ಎಂಆರ್‌ಎನ್ಎಯಲ್ಲಿ ಜಿಎಜಿ ಬದಲು ಜಿಯುಜಿ ಬಂತು. ಬೀಟಾ ಗ್ಲೋಬಿನ್ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿತು. ಆಮ್ಲಜನಕ ಕಮ್ಮಿಯಾದಾಗ ಅಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದದ ಎಳೆಗಳಾಗುತ್ತದೆ, ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುತ್ತದೆ. ಈ ಸಾಲನ್ನು ಬಾಣದ ಗುರುತು ಹಾಕಿ ಬರೆದರೆ ಟ್ರಾನ್ಸ್‌ಕ್ರಿಪ್ಷನ್, ಟ್ರಾನ್ಸ್‌ಲೇಷನ್, ಜೆನೆಟಿಕ್ ಕೋಡ್, ಪಾಯಿಂಟ್ ಮ್ಯುಟೇಶನ್ ನಾಲ್ಕೂ ಒಂದೇ ಚಿತ್ರದಲ್ಲಿ ಬಂದವು.

ಪ್ರಯೋಗಗಳನ್ನು ಇಸವಿ ಸಮೇತ ಉರು ಹೊಡೆಯುವ ಬದಲು, ಯಾರು ಯಾವ ಪ್ರಶ್ನೆಗೆ ಉತ್ತರ ಹುಡುಕಿದರು ಅಂತ ಬರೆದುಕೊಳ್ಳಿ. 1928ರಲ್ಲಿ ಗ್ರಿಫಿತ್ ನೋಡಿದ್ದು: ಸತ್ತ ಬ್ಯಾಕ್ಟೀರಿಯಾದಿಂದ ಬದುಕಿರುವ ಬ್ಯಾಕ್ಟೀರಿಯಾಕ್ಕೆ ಏನೋ ದಾಟುತ್ತಿದೆ. ಆ 'ಏನೋ' ಅಂದರೆ ಯಾವುದು? ಡಿಎನ್ಎ ಅಂತ 1944ರಲ್ಲಿ ಏವರಿ, ಮ್ಯಾಕ್ಲಿಯಾಡ್, ಮೆಕಾರ್ಟಿ ತೋರಿಸಿದರು. ಪ್ರೋಟೀನ್ ಇರಬಹುದು ಅನ್ನುವ ಅನುಮಾನ ಆಗಲೂ ಉಳಿದಿತ್ತು. 1952ರಲ್ಲಿ ಹರ್ಷೆ, ಚೇಸ್ ಅದನ್ನು ಬಗೆಹರಿಸಿದರು. ರಂಜಕ ಡಿಎನ್ಎಯಲ್ಲಿದೆ, ಪ್ರೋಟೀನಿನಲ್ಲಿ ಇಲ್ಲ. ಗಂಧಕ ಪ್ರೋಟೀನಿನಲ್ಲಿದೆ, ಡಿಎನ್ಎಯಲ್ಲಿ ಇಲ್ಲ. ಎರಡಕ್ಕೂ ವಿಕಿರಣದ ಗುರುತು ಹಾಕಿ ಬ್ಯಾಕ್ಟೀರಿಯಾದ ಮೇಲೆ ವೈರಸ್ ಬಿಟ್ಟರು. ಬ್ಯಾಕ್ಟೀರಿಯಾದ ಒಳಗೆ ಸಿಕ್ಕಿದ್ದು ರಂಜಕ. ಇಷ್ಟು ಗೊತ್ತಿದ್ದರೆ ಉತ್ತರ ತಾನಾಗೇ ಬರುತ್ತದೆ.

1958ರ ಮೆಸೆಲ್ಸನ್, ಸ್ಟಾಲ್ ಪ್ರಯೋಗದಿಂದ ಲೆಕ್ಕದ ಪ್ರಶ್ನೆ ಬರುತ್ತದೆ. ಭಾರದ ಸಾರಜನಕದಲ್ಲಿ ಬೆಳೆದ ಇ. ಕೋಲೈ ಬ್ಯಾಕ್ಟೀರಿಯಾವನ್ನು ಹಗುರ ಸಾರಜನಕಕ್ಕೆ ಹಾಕಿದರು. ಅದು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. 20 ನಿಮಿಷಕ್ಕೆ ಎಲ್ಲ ಡಿಎನ್ಎಯೂ ಮಿಶ್ರ. 40 ನಿಮಿಷಕ್ಕೆ ಅರ್ಧ ಮಿಶ್ರ, ಅರ್ಧ ಹಗುರ. 60 ನಿಮಿಷಕ್ಕೆ? ಒಂದರಿಂದ ಎಂಟಾಗಿರುತ್ತದೆ. ಹಳೆಯ ಭಾರದ ಎಳೆಗಳು ಎರಡೇ. ಹಾಗಾಗಿ ಮಿಶ್ರ 2, ಹಗುರ 6. ಎಷ್ಟೇ ಹೊತ್ತು ಕೊಟ್ಟರೂ ಆ ಎರಡು ಹಳೆಯ ಎಳೆ ಎಲ್ಲಿಗೂ ಹೋಗುವುದಿಲ್ಲ ಅನ್ನುವುದು ನೆನಪಿದ್ದರೆ ಸಾಕು.

ಲ್ಯಾಕ್ ಒಪೆರಾನ್ (ಲ್ಯಾಕ್ಟೋಸ್ ಸಕ್ಕರೆ ಇದ್ದಾಗ ಕೆಲಸ ಶುರು ಮಾಡುವ ಬ್ಯಾಕ್ಟೀರಿಯಾದ ಜೀನ್‌ಗಳ ಗುಂಪು) ಮಾತ್ರ ಚಿತ್ರ ಬರೆದೇ ಕಲಿಯಬೇಕು, ಬೇರೆ ದಾರಿ ಇಲ್ಲ. ಲ್ಯಾಕ್ಟೋಸ್ ಇಲ್ಲದಾಗ ಒಂದು ಚಿತ್ರ, ಇದ್ದಾಗ ಇನ್ನೊಂದು. ಪುಸ್ತಕ ಮುಚ್ಚಿ ಎರಡನ್ನೂ ಬರೆಯಲು ಬರುವ ತನಕ ಬಿಡಬೇಡಿ.

ಮೂರನೇ ಹೆಜ್ಜೆ: ಒಂದು ಮನೆಯಿಂದ ಇಡೀ ಊರಿಗೆ

ಅನುವಂಶೀಯತೆ ವಿಕಾಸಕ್ಕೆ ತಿರುಗುವುದು ಇಲ್ಲಿ. ಈ ಹೆಜ್ಜೆಗೆ ಅರ್ಧ ದಿನ ಕೊಟ್ಟರೂ ದಂಡ ಅಲ್ಲ.

ಹಾರ್ಡಿ, ವೈನ್‌ಬರ್ಗ್ 1908ರಲ್ಲಿ ಹೇಳಿದ್ದು ಸರಳ. ಹೊರಗಿನಿಂದ ಏನೂ ಅಡ್ಡಿ ಬರದಿದ್ದರೆ ಒಂದು ಸಮೂಹದಲ್ಲಿ ಆಲೀಲ್‌ಗಳ ಪ್ರಮಾಣ ತಲೆಮಾರು ಕಳೆದರೂ ಹಾಗೇ ಇರುತ್ತದೆ. ಎ ಆಲೀಲಿನ ಪ್ರಮಾಣ ಪಿ, ಎಸ್ ಆಲೀಲಿನ ಪ್ರಮಾಣ ಕ್ಯೂ. ಪಿ + ಕ್ಯೂ = 1. ಪಿ² + 2ಪಿಕ್ಯೂ + ಕ್ಯೂ² = 1. ಇದರಲ್ಲಿ ಪಿ² ಅಂದರೆ ಎ-ಎ ಇರುವವರು, 2ಪಿಕ್ಯೂ ಅಂದರೆ ವಾಹಕರು, ಕ್ಯೂ² ಅಂದರೆ ಕಾಯಿಲೆ ಇರುವವರು. ಲೆಕ್ಕ ಯಾವಾಗಲೂ ಕ್ಯೂ²ನಿಂದ ಶುರು ಮಾಡಿ. ಕಣ್ಣಿಗೆ ಕಾಣುವುದು ಅವರೇ.

ಒಂದು ಕಾಲ್ಪನಿಕ ಊರು ತೆಗೆದುಕೊಳ್ಳಿ. ಹುಟ್ಟಿದ 100 ಮಕ್ಕಳಲ್ಲಿ 4 ಮಕ್ಕಳಿಗೆ ಕಾಯಿಲೆ. ಕ್ಯೂ² = 0.04. ವರ್ಗಮೂಲ ತೆಗೆದರೆ ಕ್ಯೂ = 0.2. ಪಿ = 0.8. ವಾಹಕರು 2 × 0.8 × 0.2 = 0.32, ಅಂದರೆ 32 ಮಕ್ಕಳು. ಉಳಿದ 64 ಮಕ್ಕಳು ಎ-ಎ. ನೂರರಲ್ಲಿ ನಾಲ್ಕೇ ಮಕ್ಕಳಿಗೆ ಕಾಯಿಲೆ ಇದ್ದರೂ ಮೂರರಲ್ಲಿ ಒಂದು ಪಾಲಿನಷ್ಟು ಮಕ್ಕಳು ವಾಹಕರು. ಆದಿವಾಸಿ ಹಾಡಿಗಳಲ್ಲಿ ಕಾಯಿಲೆ ಇದ್ದವರನ್ನಷ್ಟೇ ಅಲ್ಲದೆ ಎಲ್ಲರ ರಕ್ತವನ್ನೂ ಯಾಕೆ ಪರೀಕ್ಷೆ ಮಾಡುತ್ತಾರೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ.

ಈಗ ಲೆಕ್ಕ ಮುಂದುವರಿಸಿ. ಚಿಕಿತ್ಸೆ ಇಲ್ಲದ ಕಾಲ. ಕಾಯಿಲೆಯ ನಾಲ್ಕೂ ಮಕ್ಕಳು ದೊಡ್ಡವರಾಗುವ ಮುಂಚೆಯೇ ತೀರಿಕೊಂಡರು ಅಂದುಕೊಳ್ಳಿ. ಉಳಿದವರು 96 ಜನ, ಅವರಲ್ಲಿ 192 ಆಲೀಲ್. ಅದರಲ್ಲಿ ಎಸ್ ಎಷ್ಟು? ವಾಹಕರು 32 ಜನ, ಒಬ್ಬೊಬ್ಬರಲ್ಲಿ ಒಂದು, ಒಟ್ಟು 32. 32ನ್ನು 192ರಿಂದ ಭಾಗಿಸಿದರೆ ಸುಮಾರು 0.167. ಕ್ಯೂ 0.2ರಿಂದ ಇಳಿಯಿತು. ಹೀಗೆ ಆಲೀಲ್ ಪ್ರಮಾಣ ಬದಲಾಗುವುದಕ್ಕೇ ವಿಕಾಸ ಅನ್ನುವುದು. ಯಾವ ಪ್ರಾಣಿಯೂ ಇನ್ನೊಂದು ಪ್ರಾಣಿಯಾಗಿ ಬದಲಾಗಲಿಲ್ಲ, ಆದರೂ ವಿಕಾಸ ನಡೆಯಿತು.

ಹೀಗೇ ಆಗುತ್ತಾ ಹೋದರೆ ಸಾವಿರಾರು ವರ್ಷದಲ್ಲಿ ಎಸ್ ಆಲೀಲ್ ತೀರಾ ಅಪರೂಪ ಆಗಿಬಿಡಬೇಕಿತ್ತು ಅಲ್ವಾ? ಆಫ್ರಿಕಾದಲ್ಲೂ ಭಾರತದಲ್ಲೂ ಎಷ್ಟೋ ಕಡೆ ಹಾಗಾಗಲಿಲ್ಲ. ಕಾರಣ ಮಲೇರಿಯಾ. ಎ-ಎಸ್ ಇರುವ ಮಕ್ಕಳಿಗೆ ತೀವ್ರ ಮಲೇರಿಯಾದಿಂದ ಸಾಕಷ್ಟು ರಕ್ಷಣೆ ಸಿಗುತ್ತದೆ. ಇದಕ್ಕೆ 1954ರಲ್ಲಿ ಪೂರ್ವ ಆಫ್ರಿಕಾದಿಂದ ಪುರಾವೆ ಕೊಟ್ಟವರು ಆಂಥೊನಿ ಆಲಿಸನ್. ಇಂಥದ್ದೇ ಊಹೆಯನ್ನು 1949ರಲ್ಲಿ ಥಲಸ್ಸೀಮಿಯಾ ಬಗ್ಗೆ ಮುಂದಿಟ್ಟವರು ಜೆ.ಬಿ.ಎಸ್. ಹಾಲ್ಡೇನ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ನಮ್ಮ ವಿದ್ಯಾರ್ಥಿಗಳು ಅವರ ಹೆಸರನ್ನು ಜೀವದ ಉಗಮದ ಭಾಗದಲ್ಲಿ ಒಪಾರಿನ್ ಜೊತೆಗಷ್ಟೇ ಓದಿ ಬಿಟ್ಟುಬಿಡುತ್ತಾರೆ ಅನ್ನುವುದು ನನಗೆ ಬೇಸರದ ಸಂಗತಿ.

ಅದೇ ಊರಿಗೆ ಮಲೇರಿಯಾ ತನ್ನಿ. ಎ-ಎ ಇರುವ 64 ಮಕ್ಕಳಲ್ಲಿ 16 ಮಕ್ಕಳು ಮಲೇರಿಯಾದಿಂದ ಸತ್ತರು ಅಂದುಕೊಳ್ಳಿ. ವಾಹಕರು 32 ಜನರೂ ಬದುಕಿದರು. ಕಾಯಿಲೆಯ 4 ಮಕ್ಕಳು ಮೊದಲಿನ ಹಾಗೇ ತೀರಿಕೊಂಡರು. ಉಳಿದವರು 48 + 32 = 80. ಆಲೀಲ್ 160. ಎಸ್ 32. ಭಾಗಿಸಿ: 0.2. ಶುರುವಿನಲ್ಲಿ ಎಷ್ಟಿತ್ತೋ ಅಷ್ಟೇ! ಎರಡು ಕಡೆಯಿಂದಲೂ ಸಾವು ಎಳೆಯುತ್ತಿದ್ದರೆ ಆಲೀಲ್ ಮಧ್ಯದಲ್ಲಿ ನಿಲ್ಲುತ್ತದೆ. ಈ ಲೆಕ್ಕವನ್ನು ಪುಸ್ತಕ ನೋಡದೆ ಒಂದು ಸಲ ಮಾಡಿ. ನೈಸರ್ಗಿಕ ಆಯ್ಕೆ ಅಂದರೆ 'ಕೆಟ್ಟ' ಜೀನ್‌ಗಳನ್ನು ತೆಗೆದು ಹಾಕುವುದು ಅನ್ನುವ ತಪ್ಪು ಕಲ್ಪನೆ ಹೋಗುತ್ತದೆ. ಒಂದು ಜೀನ್ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಅದು ಇರುವ ಜಾಗದ ಮೇಲೆ ನಿಂತಿದೆ. ಸೊಳ್ಳೆ ಇಲ್ಲದ ಊರಿನಲ್ಲಿ ಎಸ್ ಆಲೀಲಿಂದ ಲಾಭ ಇಲ್ಲ.

ಹಾರ್ಡಿ-ವೈನ್‌ಬರ್ಗ್ ಸಮತೋಲ ಕೆಡಿಸುವ ಐದು ಕಾರಣ ಕೇಳಿದರೆ: ಜೀನ್ ವಲಸೆ, ಜೆನೆಟಿಕ್ ಡ್ರಿಫ್ಟ್, ಮ್ಯುಟೇಶನ್, ಮರುಜೋಡಣೆ, ನೈಸರ್ಗಿಕ ಆಯ್ಕೆ. ಡ್ರಿಫ್ಟ್‌ಗೂ ಆಯ್ಕೆಗೂ ವ್ಯತ್ಯಾಸ ಒಂದೇ: ಡ್ರಿಫ್ಟ್ ಬರೀ ಆಕಸ್ಮಿಕ, ಅದರಲ್ಲಿ ಲಾಭ ನಷ್ಟದ ಮಾತಿಲ್ಲ.

ವಿಕಾಸದ ಉಳಿದ ಭಾಗ

ಇಲ್ಲಿ ಗೊಂದಲ ಆಗುವುದು ಸಮರೂಪ ಅಂಗ, ಸಮಕಾರ್ಯ ಅಂಗಗಳಲ್ಲಿ. ಎರಡು ಪ್ರಶ್ನೆ ಕೇಳಿಕೊಳ್ಳಿ: ಮೂಲ ಒಂದೇನಾ? ಕೆಲಸ ಒಂದೇನಾ? ಮೂಲ ಒಂದೇ ಇದ್ದು ಕೆಲಸ ಬೇರೆ ಆದರೆ ಸಮರೂಪ. ತಿಮಿಂಗಿಲದ ಈಜುರೆಕ್ಕೆ, ಬಾವಲಿಯ ರೆಕ್ಕೆ, ನಮ್ಮ ಕೈ ಮೂರರಲ್ಲೂ ಮೂಳೆಗಳ ಜೋಡಣೆ ಒಂದೇ. ಮೂಲ ಬೇರೆ, ಕೆಲಸ ಒಂದೇ ಆದರೆ ಸಮಕಾರ್ಯ. ಆಲೂಗಡ್ಡೆ ಮತ್ತು ಗೆಣಸು ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಆಹಾರ ಕೂಡಿಡುತ್ತವೆ. ಆದರೆ ಆಲೂಗಡ್ಡೆ ಕಾಂಡ, ಗೆಣಸು ಬೇರು. ಅಡುಗೆಮನೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಲೂಗಡ್ಡೆಗೆ ಕಣ್ಣುಗಳಿವೆ, ಅವು ಕಾಂಡದ ಮೊಗ್ಗುಗಳು. ಹಾಸನದ ಕಡೆ ರೈತರು ಗಡ್ಡೆಯನ್ನು ಪ್ರತಿ ತುಂಡಲ್ಲೂ ಕಣ್ಣು ಉಳಿಯುವ ಹಾಗೆ ಕತ್ತರಿಸಿ ಬಿತ್ತುವುದು ಇದಕ್ಕೇ. ಗೆಣಸಿನಲ್ಲಿ ಅಂಥ ಸಾಲು ಸಾಲು ಕಣ್ಣು ಕಾಣುವುದಿಲ್ಲ. ಅದನ್ನು ನೆಡುವುದು ಬಳ್ಳಿಯ ತುಂಡಿನಿಂದ.

ಲಾಮಾರ್ಕ್, ಡಾರ್ವಿನ್, ಡಿ ವ್ರೀಸ್ ಮೂವರ ವ್ಯತ್ಯಾಸವನ್ನು ಜಿರಾಫೆಯ ಕುತ್ತಿಗೆ ಇಟ್ಟುಕೊಂಡೇ ಬರೆದುಕೊಳ್ಳಿ. ಎಟುಕಿಸಿ ಎಟುಕಿಸಿ ಕುತ್ತಿಗೆ ಉದ್ದವಾಯಿತು, ಅದೇ ಮಕ್ಕಳಿಗೂ ಬಂತು ಅಂದರೆ ಲಾಮಾರ್ಕ್. ಉದ್ದ ಕುತ್ತಿಗೆಯವು ಮೊದಲೇ ಕೆಲವು ಇದ್ದವು, ಅವು ಹೆಚ್ಚು ಮರಿ ಬಿಟ್ಟುಹೋದವು ಅಂದರೆ ಡಾರ್ವಿನ್. ಒಂದೇ ದೊಡ್ಡ ಮ್ಯುಟೇಶನ್‌ನಿಂದ ಹಠಾತ್ತಾಗಿ ಬಂತು ಅಂದರೆ ಡಿ ವ್ರೀಸ್. "ಬದುಕಬೇಕು ಅಂತ ಪ್ರಾಣಿ ತನ್ನನ್ನು ಬದಲಾಯಿಸಿಕೊಂಡಿತು" ಅಂತ ಎಲ್ಲಾದರೂ ಬರೆದಿದ್ದರೆ ಅಲ್ಲಿ ಲಾಮಾರ್ಕ್ ನುಸುಳಿದ್ದಾನೆ ಅಂತ ಅರ್ಥ. ಆಂಟಿಬಯೋಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಬಗ್ಗೆ ಬರೆಯುವಾಗ ಈ ತಪ್ಪು ಬಹಳ ಆಗುತ್ತದೆ. ಔಷಧಿ ನೋಡಿ ಬ್ಯಾಕ್ಟೀರಿಯಾ ಕಲಿತುಕೊಳ್ಳುವುದಿಲ್ಲ. ಜಗ್ಗದಂಥವು ಮೊದಲೇ ಒಂದೆರಡು ಇದ್ದವು, ಔಷಧಿ ಉಳಿದವನ್ನು ಕೊಂದು ಅವಕ್ಕೆ ಜಾಗ ಮಾಡಿಕೊಟ್ಟಿತು.

ಮಾನವ ವಿಕಾಸದ ಭಾಗದಲ್ಲಿ ಹೆಸರು, ಕಾಲ, ಮೆದುಳಿನ ಗಾತ್ರ ಮೂರು ಕಂಬ ಹಾಕಿ ಪಟ್ಟಿ ಮಾಡಿಕೊಂಡು ಗೋಡೆಗೆ ಅಂಟಿಸಿ. ಅದು ನೆನಪಿನ ಕೆಲಸ, ಅಷ್ಟೇ.

ನಾಲ್ಕನೇ ಹೆಜ್ಜೆ: ಸೊಳ್ಳೆಯಿಂದ ಪರಿಸರದ ಪಾಠಕ್ಕೆ

ಮಲೇರಿಯಾ ಇದ್ದರೆ ಎಸ್ ಆಲೀಲ್ ಉಳಿಯುತ್ತದೆ ಅಂತ ನೋಡಿದೆವು. ಮಲೇರಿಯಾ ಎಲ್ಲಿರುತ್ತದೆ? ಹೆಣ್ಣು ಅನಾಫಿಲಿಸ್ ಸೊಳ್ಳೆ ಎಲ್ಲಿ ಚೆನ್ನಾಗಿ ಹೆಚ್ಚುತ್ತದೋ ಅಲ್ಲಿ. ಅದು ಹೆಚ್ಚಬೇಕಾದರೆ ನಿಂತ ನೀರು, ಬೆಚ್ಚಗಿನ ಹವೆ ಬೇಕು. ಇದು 11ನೇ ಪಾಠದ ವಿಷಯ.

ಜೀವಿಸಮೂಹದ ಬೆಳವಣಿಗೆಗೆ ಎರಡು ಸೂತ್ರಗಳಿವೆ. ಆಹಾರ, ಜಾಗಕ್ಕೆ ಮಿತಿ ಇಲ್ಲದಿದ್ದರೆ ಜೆ ಆಕಾರದ ಗೆರೆ. ಮಿತಿ ಇದ್ದರೆ ಎಸ್ ಆಕಾರದ ಗೆರೆ, ಅದೇ ಲಾಜಿಸ್ಟಿಕ್ ಬೆಳವಣಿಗೆ. ಮೊದಲನೆಯದರಲ್ಲಿ ಬೆಳವಣಿಗೆ ಆರ್ × ಎನ್. ಎರಡನೆಯದರಲ್ಲಿ ಅದನ್ನು (ಕೆ − ಎನ್)/ಕೆ ಅನ್ನುವ ಭಾಗದಿಂದಲೂ ಗುಣಿಸಬೇಕು. ಎನ್ ಅಂದರೆ ಈಗ ಇರುವ ಸಂಖ್ಯೆ, ಕೆ ಅಂದರೆ ಆ ಜಾಗ ತಾಳಿಕೊಳ್ಳಬಲ್ಲ ಗರಿಷ್ಠ ಸಂಖ್ಯೆ, ಆರ್ ಅಂದರೆ ಬೆಳವಣಿಗೆಯ ದರ. ಸಂಖ್ಯೆ ಹಾಕಿ ನೋಡಿದರೆ ಮಾತ್ರ ಇದು ಅರ್ಥವಾಗುತ್ತದೆ. ಕೆ 1000, ಆರ್ 0.5 ಇರಲಿ. ಎನ್ 100 ಇದ್ದಾಗ ಬೆಳವಣಿಗೆ 0.5 × 100 × 0.9 = 45. ಎನ್ 500 ಇದ್ದಾಗ 0.5 × 500 × 0.5 = 125. ಎನ್ 900 ಇದ್ದಾಗ ಮತ್ತೆ 45. ಎನ್ 1000 ಆದಾಗ ಸೊನ್ನೆ. ಅಂದರೆ ಬೆಳವಣಿಗೆ ಅತಿ ಜೋರಾಗಿರುವುದು ಕೆಯ ಅರ್ಧದಲ್ಲಿ. ಈ ನಾಲ್ಕು ಅಂಕಿಗಳಿಂದ ಎಸ್ ಗೆರೆಯ ಆಕಾರ ಯಾಕೆ ಹಾಗಿದೆ ಅಂತ ಗೊತ್ತಾಗುತ್ತದೆ.

ಬಕೆಟ್ ಮುಚ್ಚಿ, ತೊಟ್ಟಿ ಖಾಲಿ ಮಾಡಿ ಅಂತ ಆರೋಗ್ಯ ಇಲಾಖೆಯವರು ಹೇಳುವುದು ಕೆಯನ್ನೇ ಇಳಿಸುವ ಕೆಲಸ. ಬರೀ ಔಷಧಿ ಹೊಡೆದರೆ ಎನ್ ಮಾತ್ರ ಇಳಿಯುತ್ತದೆ, ಕೆ ಹಾಗೇ ಇರುತ್ತದೆ, ಸೊಳ್ಳೆ ಮತ್ತೆ ಬರುತ್ತದೆ. ಕೆರೆ, ಬಾವಿಗಳಿಗೆ ಗಪ್ಪಿ, ಗಾಂಬೂಸಿಯಾ ಮೀನು ಬಿಡುವುದು ಇನ್ನೊಂದು ದಾರಿ, ಅದು ಪರಭಕ್ಷಣೆ. ಆದರೆ ಎರಡೂ ಹೊರದೇಶದ ಮೀನುಗಳು. ಗಾಂಬೂಸಿಯಾ ಸ್ಥಳೀಯ ಮೀನು, ಗೊದಮೊಟ್ಟೆಗಳಿಗೂ ತೊಂದರೆ ಕೊಡುತ್ತದೆ. ಆಗ ಅದು 13ನೇ ಪಾಠದ ಅನ್ಯಪ್ರಭೇದದ ಪ್ರಶ್ನೆಯಾಗುತ್ತದೆ.

ಜೀವಿಗಳ ನಡುವಿನ ಸಂಬಂಧಗಳಿಗೆ ಕೂಡು (ಲಾಭ), ಕಳೆ (ನಷ್ಟ), ಸೊನ್ನೆ (ಎರಡೂ ಇಲ್ಲ) ಗುರುತು ಹಾಕಿ. ಉದಾಹರಣೆಗಳನ್ನು ಕಣ್ಣಿಗೆ ಕಂಡದ್ದರಿಂದ ಆರಿಸಿಕೊಳ್ಳಿ. ಮಲೆನಾಡಿನಲ್ಲಿ ಒಂದೇ ಮರದ ಮೇಲೆ ಎರಡು ಗಿಡ ನೋಡಬಹುದು. ಸೀತಾಳೆ ಕೊಂಬೆಗೆ ಅಂಟಿಕೊಂಡು ಹೂ ಬಿಡುತ್ತದೆ, ಮರದಿಂದ ಏನೂ ಹೀರುವುದಿಲ್ಲ. ಅದಕ್ಕೆ ಕೂಡು, ಮರಕ್ಕೆ ಸೊನ್ನೆ. ಅದೇ ಕೊಂಬೆಯಲ್ಲಿ ಬಂದಳಿಕೆ ಬೇರನ್ನು ಮರದ ಒಳಗೇ ಇಳಿಸಿ ನೀರು, ಲವಣ ಎಳೆದುಕೊಳ್ಳುತ್ತದೆ. ಅದಕ್ಕೆ ಕೂಡು, ಮರಕ್ಕೆ ಕಳೆ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ಬೇರು ಎಲ್ಲಿಗೆ ಹೋಗಿದೆ ಅನ್ನುವುದೇ ಉತ್ತರ. ಅತ್ತಿ ಮತ್ತು ಅದರ ಕಣಜ ಎರಡಕ್ಕೂ ಕೂಡು. ಮೇಯುವ ದನದ ಹಿಂದೆ ಓಡಾಡುವ ಬೆಳ್ಳಕ್ಕಿಗೆ ಕೂಡು, ದನಕ್ಕೆ ಸೊನ್ನೆ. ಕಾಗೆ ಗೂಡಲ್ಲಿ ಮೊಟ್ಟೆ ಇಡುವ ಕೋಗಿಲೆಗೆ ಕೂಡು, ಕಾಗೆಗೆ ಕಳೆ.

12ನೇ ಪಾಠಕ್ಕೆ ಗದ್ದೆ ಸಾಕು. ಭತ್ತದಲ್ಲಿ 10,000 ಜೂಲ್ ಶಕ್ತಿ ಇದ್ದರೆ ಮಿಡತೆಗೆ 1000, ಕಪ್ಪೆಗೆ 100, ಹಾವಿಗೆ 10, ಹದ್ದಿಗೆ 1. ಇದು ಲಿಂಡೆಮನ್ 1942ರಲ್ಲಿ ಹೇಳಿದ ಶೇ. 10ರ ನಿಯಮ. ಶಕ್ತಿಯ ಪಿರಮಿಡ್ ಯಾವತ್ತೂ ತಲೆಕೆಳಗಾಗುವುದಿಲ್ಲ. ಸಮುದ್ರದಲ್ಲಿ ಜೀವರಾಶಿಯ ಪಿರಮಿಡ್ ತಲೆಕೆಳಗಾಗುತ್ತದೆ, ಯಾಕೆಂದರೆ ತೇಲುಸಸ್ಯಗಳು ಬೇಗ ಹುಟ್ಟಿ ಬೇಗ ಮೀನಿಗೆ ಆಹಾರವಾಗಿಬಿಡುತ್ತವೆ. ಯಾವ ಕ್ಷಣದಲ್ಲಿ ತೂಗಿದರೂ ಮೀನಿನ ತೂಕವೇ ಜಾಸ್ತಿ. ಕೊಳೆಯುವಿಕೆಯ ಹಂತಗಳಿಗೆ ಗೊಬ್ಬರದ ಗುಂಡಿ ನೆನಪಿಸಿಕೊಳ್ಳಿ: ಎಲೆ ಚೂರಾಗುವುದು, ನೀರಲ್ಲಿ ಕರಗಿ ಇಳಿಯುವುದು, ಕಿಣ್ವಗಳಿಂದ ಒಡೆಯುವುದು, ಹ್ಯೂಮಸ್ ಆಗುವುದು, ಖನಿಜವಾಗಿ ಮಣ್ಣಿಗೆ ಸೇರುವುದು.

13ನೇ ಪಾಠದಲ್ಲಿ ಜೀವವೈವಿಧ್ಯ ನಾಶದ ನಾಲ್ಕು ಕಾರಣಗಳಿಗೆ ಒಂದೊಂದು ಉದಾಹರಣೆ ಇಟ್ಟುಕೊಳ್ಳಿ. ಅನ್ಯಪ್ರಭೇದಕ್ಕೆ ಆಫ್ರಿಕಾದ ವಿಕ್ಟೋರಿಯಾ ಸರೋವರಕ್ಕೆ ಬಿಟ್ಟ ನೈಲ್ ಪರ್ಚ್ ಮೀನು ಪುಸ್ತಕದಲ್ಲಿದೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ ನೋಡಿದವರು ಲಂಟಾನ ಪೊದೆಯನ್ನೂ ಬರೆಯಬಹುದು. ಜೀವಿಗಳನ್ನು ಇದ್ದ ಜಾಗದಲ್ಲೇ ಕಾಪಾಡುವ ಸ್ಥಳೀಯ ಸಂರಕ್ಷಣೆಗೆ ಕೊಡಗಿನ ದೇವರ ಕಾಡು ಇದೆ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ವಿಶ್ವ ಪರಂಪರೆ ಪಟ್ಟಿಗೆ ಸೇರಿದವು, ಅದರಲ್ಲಿ 10 ಕರ್ನಾಟಕದವು.

ದಿನಗಳನ್ನು ಹೇಗೆ ಹಂಚಿಕೊಳ್ಳಬೇಕು

ಎರಡು ವಾರ ಇದ್ದರೆ 4 ಮತ್ತು 5ನೇ ಪಾಠಕ್ಕೆ ಆರು ದಿನ ಕೊಡಿ. ವಿಕಾಸಕ್ಕೆ ಮೂರು ದಿನ, ಅದರಲ್ಲಿ ಒಂದು ಪೂರ್ತಿ ಹಾರ್ಡಿ-ವೈನ್‌ಬರ್ಗ್‌ಗೆ. ಪರಿಸರದ ಮೂರು ಪಾಠಕ್ಕೆ ಮೂರು ದಿನ ಸಾಕು. ಕೊನೆಯ ಎರಡು ದಿನ ಹಳೆಯ ಪ್ರಶ್ನೆಪತ್ರಿಕೆ. ಪರಿಸರ ಸುಲಭ ಅಂತ ಕೊನೆಗೆ ತಳ್ಳಿ ಓದದೇ ಬಿಡುವವರು ಬಹಳ. ಸುಲಭವಾಗಿ ಸಿಗಬೇಕಾದ ಅಂಕ ಹೋಗುವುದು ಅಲ್ಲಿಯೇ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಗೆ ಬಂದು ಇಂಗ್ಲಿಷ್ ಪುಸ್ತಕ ಹಿಡಿದವರಿಗೆ ಒಂದು ಮಾತು. ಪ್ರತಿ ಪರಿಕಲ್ಪನೆಯನ್ನೂ ಮೊದಲು ಕನ್ನಡದಲ್ಲಿ, ಪುಸ್ತಕ ಮುಚ್ಚಿ, ತಮ್ಮನಿಗೋ ತಂಗಿಗೋ ಹೇಳಿ. ಅವರು "ಯಾಕೆ?" ಅಂತ ಕೇಳಿದ ಕಡೆ ನಿಮಗೆ ಉತ್ತರ ಹೊಳೆಯದಿದ್ದರೆ ಅಲ್ಲಿಗೆ ಗುರುತು ಹಾಕಿ. ಅದನ್ನು ತಿದ್ದಿಕೊಂಡ ಮೇಲೆ ಇಂಗ್ಲಿಷಿನಲ್ಲಿ ಉತ್ತರ ಬರೆಯಿರಿ. ಅರ್ಥವಾಗದ ವಾಕ್ಯವನ್ನು ಬಾಯಿಪಾಠ ಮಾಡಿದರೆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದಾಗ ಕೈ ನಿಲ್ಲುತ್ತದೆ.

ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಗಡಿಯಾರ ಎದುರಿಗಿರಲಿ. ಕ್ರಾಸ್ ಬರೆದಾಗ ತಂದೆತಾಯಿ, ಗ್ಯಾಮೀಟ್, ಮಕ್ಕಳು, ಅನುಪಾತ ನಾಲ್ಕೂ ಸಾಲು ಇವೆಯಾ ನೋಡಿ. ಚಿತ್ರಕ್ಕೆ ಹೆಸರು ಬರೆದಿದ್ದೀರಾ, ಗ್ರಾಫಿನ ಎರಡೂ ಅಕ್ಷಕ್ಕೆ ಏನು ಅಂತ ಗುರುತು ಹಾಕಿದ್ದೀರಾ ನೋಡಿ. ತಪ್ಪಾದ ಪ್ರಶ್ನೆಗಳನ್ನು ಬೇರೆ ಹಾಳೆಗೆ ಬರೆದುಕೊಂಡು, ಮಾರನೇ ದಿನ ಅವನ್ನಷ್ಟೇ ಮತ್ತೆ ಬಿಡಿಸಿ.